ಬೆಸ ವರ್ಷದ ಅಕ್ಕ, ಸರಿ ವರ್ಷದ ತಂಗಿ

ಇಸ್ತ್ರಿ ಅಕ್ಕನ ಬಾಯಿಗೆ ಹೆದರದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ತಲೆ ತಗ್ಗಿಸಿದರೆ ಮಾತ್ರ ನಿಲ್ಲಬಹುದಾದ ಮೂಲೆಯಲ್ಲಿ ಆಕೆಯ ಮೇಜು. ಮೇಜಿನ ಮೇಲೆ ಸುಟ್ಟ ಕಲೆಗಳ ಕಂಬಳಿ, ಅದರ ಮೇಲೊಂದು ಬಿಳಿ ಬಟ್ಟೆ, ಪಕ್ಕದಲ್ಲಿ ಮುಚ್ಚಳಕ್ಕೆ ತೂತು ಹೊಡೆದ ನೀರಿನ ಬಾಟಲಿ. ಕರೆಂಟಿನ ಪೆಟ್ಟಿಗೆ ಇದ್ದರೂ ಇದ್ದಿಲಿನದನ್ನು ಬಿಟ್ಟಿಲ್ಲ. ಕೇಳಿದರೆ, "ಕರೆಂಟು ಅವರಪ್ಪಂದು, ಇದ್ದಿಲು ನಮ್ಮಪ್ಪಂದು" ಅನ್ನುತ್ತಾಳೆ. ಊರಿನ ಅರ್ಧಕ್ಕರ್ಧ ಅಧಿಕಾರಿಗಳ ಕಾಲರು ಗಟ್ಟಿಯಾಗುವುದು ಆಕೆಯ ಕೈಯಲ್ಲೇ. "ಅಂಗಿ ನಾನು ನಿಲ್ಲಿಸಿ ಕೊಡ್ತೀನಿ, ಬೆನ್ನುಮೂಳೆ ಅವರವರೇ ತರಬೇಕು" ಎಂಬುದು ಆ ಅಧಿಕಾರಿಗಳ ಬಗ್ಗೆ ಆಕೆಯ ಅಭಿಪ್ರಾಯ.

ನನಗೂ ಆಕೆಗೂ ಪರಿಚಯವಾದದ್ದು ಬ್ಯಾನರಿನಿಂದ. ಮೆರವಣಿಗೆಯ ಹಿಂದಿನ ದಿನ ಬ್ಯಾನರಿನ ಬಟ್ಟೆ ಮುದುರಿ ಮುದ್ದೆಯಾಗಿತ್ತು. ತೆಗೆದುಕೊಂಡು ಹೋಗಿ ಕೊಟ್ಟೆ. ಆಕೆ ಘೋಷಣೆಯನ್ನು ಓದಲೂ ಇಲ್ಲ. "ನ್ಯಾಯ ಕೇಳೋಕೆ ಹೋಗೋರು ಸುಕ್ಕು ಬಟ್ಟೆ ಹಿಡ್ಕೊಂಡು ಹೋದ್ರೆ ಭಿಕ್ಷೆ ಅನ್ಕೊಂಡು ಚಿಲ್ಲರೆ ಹಾಕಿ ಕಳಿಸ್ತಾರೆ" ಅಂದು ಪೆಟ್ಟಿಗೆ ಎಳೆದಳು. ಅಂದಿನಿಂದ ನನ್ನನ್ನು 'ನಾಯಕರೇ' ಎಂದು ಕರೆಯುತ್ತಾಳೆ. ಗೌರವಕ್ಕಂತೂ ಅಲ್ಲ.

ಗಂಡನೂ ಇಸ್ತ್ರಿಯವನೇ. ಮೆತ್ತಗಿನ ಮನುಷ್ಯ, ಮಾತು ಕಡಿಮೆ, ಪ್ಯಾಂಟಿನ ಗೆರೆ ಮಾತ್ರ ಕತ್ತಿಯಂತೆ ಹಾಕುತ್ತಿದ್ದ. ಮಕ್ಕಳಾಗಲಿಲ್ಲ. ಅವನು ಸತ್ತ ವಾರಕ್ಕೇ ಈಕೆ ಮೇಜಿಗೆ ಬಂದು ನಿಂತಾಗ ಬೀದಿಯವರು ಆಡಿಕೊಂಡರು. "ಆಡ್ಕೊಳ್ಳೋರ ಅಂಗಿಗಳೆಲ್ಲ ಇಲ್ಲೇ ಬಿದ್ದಿದ್ವು. ಬರೀ ಮೈಯಲ್ಲಿ ಬಂದು ಆಡ್ಕೊಳ್ರಪ್ಪ ಅಂದೆ, ಸುಮ್ಮನಾದ್ರು."

ಆಕೆಗೆ ಒಬ್ಬಳು ಅಕ್ಕ ಇದ್ದಾಳೆಂಬುದು ಬೀದಿಯಲ್ಲಿ ಕೆಲವರಿಗಷ್ಟೇ ಗೊತ್ತಿತ್ತು. ಈಕೆ 'ದೊಡ್ಡವಳು' ಎನ್ನುತ್ತಿದ್ದಳು. ದೊಡ್ಡವಳಿಗೆ ಚಿಕ್ಕಂದಿನಿಂದ ಮೂರ್ಛೆ. ಅದನ್ನು ಮುಚ್ಚಿಟ್ಟು ಮದುವೆ ಮಾಡಿದರು. ಗಂಡನ ಮನೆಯವರು ವಾಪಸ್ಸು ತಂದು ಬಿಟ್ಟರು. ಅಪ್ಪ ಮತ್ತೆ ಬಸ್ಸು ಹತ್ತಿಸಿ ಕಳಿಸಿದ. ಎರಡನೇ ಸಲ ಆಕೆ ಆ ಮನೆಗೂ ಹೋಗಲಿಲ್ಲ, ಈ ಮನೆಗೂ ಬರಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೇ ಇದ್ದವಳನ್ನು ಪೊಲೀಸರು ಹೆಂಗಸರ ಆಶ್ರಯಧಾಮಕ್ಕೆ ಸೇರಿಸಿದರು, ಮನೆಯವರು ಬರುವವರೆಗೆ ಎಂದು. ಮನೆಯವರು ಬರಲಿಲ್ಲ. "ಹೋದ್ರೆ ಕರ್ಕೊಂಡು ಬರಬೇಕಾಗುತ್ತಲ್ಲ, ಅದಕ್ಕೇ ಅಪ್ಪ ಹೋಗಲಿಲ್ಲ" ಎಂದು ಇಸ್ತ್ರಿ ಅಕ್ಕ ಹೇಳುವಾಗ ಅವಳ ದನಿಯಲ್ಲಿ ಏರಿಳಿತ ಇರುವುದಿಲ್ಲ. ತಾನು ಮದುವೆಯಾಗಿ ಈ ಊರಿಗೆ ಬಂದ ಮೇಲೆ ಪ್ರತಿ ತಿಂಗಳೂ ಬಿಸ್ಕತ್ತಿನ ಪೊಟ್ಟಣ ಹಿಡಿದು ಹೋಗಿ, ಅಕ್ಕನ ಹತ್ತಿರ ಒಂದಿಷ್ಟು ಜಗಳ ಆಡಿ ಬರುತ್ತಿದ್ದಳು. ಕರೆತರುವ ಮಾತೆತ್ತಿದರೆ ಗಂಡ, "ಕೆಂಡ ಇರೋ ಮನೇಲಿ ಮೂರ್ಛೆಯವಳನ್ನ ಹೇಗೆ ಇಟ್ಕೊಳ್ಳೋದು?" ಎನ್ನುತ್ತಿದ್ದ. ಅವನ ಮಾತೂ ಸುಳ್ಳಲ್ಲ. ಆಮೇಲೆ ಮಾತ್ರೆಯಿಂದ ಮೂರ್ಛೆ ನಿಂತಿತು. ಆಮೇಲೆ ಗಂಡನೂ ಹೋದ. ಅಷ್ಟು ಹೊತ್ತಿಗೆ ದೊಡ್ಡವಳಿಗೆ ಧಾಮವೇ ಮನೆಯಾಗಿತ್ತು.

ಹೀಗಿರುವಾಗ ಆಶ್ರಯಧಾಮದ ಛಾವಣಿ ಬಿರುಕು ಬಿಟ್ಟಿತು. ರಿಪೇರಿ ಮಾಡುವ ಬದಲು ಸರ್ಕಾರ ಅದನ್ನು ಮುಚ್ಚಿ, ಅಲ್ಲಿರುವವರನ್ನು ರಾಜ್ಯದ ಇನ್ನೊಂದು ತುದಿಯ ಧಾಮಕ್ಕೆ ಸಾಗಿಸಲು ತೀರ್ಮಾನಿಸಿತು. ಹೋಗಿಬರುವುದೇ ಎರಡು ದಿನದ ದಾರಿ; ಇಸ್ತ್ರಿ ಮೇಜು ಬಿಟ್ಟು ತಿಂಗಳು ತಿಂಗಳು ಹೋಗುವ ಮಾತೇ ಇಲ್ಲ. ರಕ್ತಸಂಬಂಧಿಗಳಿದ್ದರೆ, ಸಂಬಂಧ ರುಜುವಾತು ಮಾಡಿದರೆ, ಅವರಿಗೆ ಒಪ್ಪಿಸಬಹುದು ಎಂದು ಗೋಡೆಗೆ ನೋಟೀಸು ಅಂಟಿಸಿದ್ದರು.

ಧಾಮದ ಮೇಲ್ವಿಚಾರಕಿ ಕೆಟ್ಟವಳಲ್ಲ. "ನೀವಿಬ್ಬರೂ ಅಕ್ಕತಂಗಿ ಅನ್ನೋದು ನಂಗೆ ಗೊತ್ತು ಕಣಮ್ಮ. ಇಬ್ಬರ ಮೂಗು ನೋಡಿದ್ರೆ ಸಾಕು. ಆದ್ರೆ ಮೂಗನ್ನ ಫೈಲಿಗೆ ಅಂಟಿಸೋಕಾಗಲ್ಲ. ಒಂದೇ ತಂದೆತಾಯಿಯ ಮಕ್ಕಳು ಅಂತ ಯಾರಾದ್ರೂ ಒಬ್ಬ ಅಧಿಕಾರಿ ಬರೆದುಕೊಡ್ಲಿ, ಅವತ್ತೇ ಕಳಿಸ್ತೀನಿ" ಅಂದಳು.

ಇಸ್ತ್ರಿ ಅಕ್ಕ ಬಂದು ನನ್ನ ಬಾಗಿಲು ತಟ್ಟಿದಳು.

"ನಾಯಕರೇ, ಇಷ್ಟು ವರ್ಷ ಆಫೀಸುಗಳ ಹೊರಗಡೆ ಧರಣಿ ಕೂತಿದ್ದೀರಿ. ಈ ಸಲ ಒಳಗೆ ಬನ್ನಿ."

ನಮ್ಮ ತಾಲೂಕಿನ ಚರಿತ್ರೆ ಬರೆಯಲು ಹೊರಟವರೆಲ್ಲ ಕೋಟೆ, ರಾಜ, ಶಾಸನ ಎಂದು ಶುರು ಮಾಡುತ್ತಾರೆ. ನನ್ನನ್ನು ಕೇಳಿದರೆ ಅದು ಶುರುವಾಗುವುದು ಒಂದು ಲಾರಿಯಿಂದ. ತಾಲೂಕು ಆಗ ಒಂದೇ ಆಗಿತ್ತು, ಬೆಟ್ಟದಿಂದ ಹೊಳೆಯ ಆಚೆ ದಡದವರೆಗೆ. ಆಚೆ ದಡದವರು ಒಂದು ಸಹಿಗೆ ಇಡೀ ದಿನ ನಡೆಯಬೇಕಿತ್ತು. ಅದಕ್ಕೇ ಹೊಸ ತಾಲೂಕು ಬೇಕೆಂದು ರಸ್ತೆಯಲ್ಲಿ ಕೂತೆವು, ಲಾಠಿ ತಿಂದೆವು, ಪಡೆದೆವು. ಬೇಡಿಕೆ ನ್ಯಾಯದ್ದೇ. ಹಂಚಿದವರ ತಲೆಯಲ್ಲಿ ಮಾತ್ರ ಹೊಟ್ಟು ತುಂಬಿತ್ತು.

ಜನನ ಮರಣದ ಪುಸ್ತಕಗಳನ್ನು ವರ್ಷಕ್ಕೊಂದರಂತೆ ಕಟ್ಟಿಟ್ಟಿದ್ದರು. ಒಂದೊಂದರಲ್ಲೂ ಎಲ್ಲ ಹಳ್ಳಿಗಳ ಹೆಸರು ಕಲಸಿಕೊಂಡಿತ್ತು. ಹಳ್ಳಿಯ ಪ್ರಕಾರ ಹಂಚಬೇಕೆಂದರೆ ಪುಸ್ತಕ ಹರಿಯಬೇಕು. ಸರ್ಕಾರಿ ಪುಸ್ತಕ ಹರಿದರೆ ನೌಕರಿ ಹರಿಯುತ್ತದೆ. ನಕಲು ಮಾಡಿಸೋಣವೆಂದರೆ ಜನ ಇಲ್ಲ. ಎರಡೂ ಕಡೆಯವರು ಕೂತು, ಹಿತ್ತಲ ಮರವೊಂದಕ್ಕಾಗಿ ಕಚ್ಚಾಡಿದ ಅಣ್ಣತಮ್ಮಂದಿರು ಕೊನೆಗೆ ಒಂದು ವರ್ಷದ ಫಸಲು ನಿನಗೆ, ಮರುವರ್ಷದ್ದು ನನಗೆ ಎಂದು ರಾಜಿಯಾಗುವ ಹಾಗೆ ರಾಜಿಯಾದರು. ಬೆಸ ಸಂಖ್ಯೆಯ ವರ್ಷಗಳೆಲ್ಲ ಹಳೇ ತಾಲೂಕಿಗೆ, ಸರಿ ಸಂಖ್ಯೆಯವೆಲ್ಲ ಹೊಸದಕ್ಕೆ. ಮರದ ವಿಷಯದಲ್ಲಿ ಇದು ಬುದ್ಧಿವಂತಿಕೆ. ಮನುಷ್ಯರ ವಿಷಯದಲ್ಲಿ ಏನಾಯಿತೆಂದರೆ, ಅರ್ಧ ಕಟ್ಟುಗಳನ್ನು ಹೊತ್ತ ಲಾರಿ ಹೊಳೆ ದಾಟಿದ ದಿನ ಪ್ರತಿ ಮನೆಯೂ ಎರಡು ಹೋಳಾಯಿತು. ಗಂಡನ ಸಾವು ಇಲ್ಲಿ, ಹೆಂಡತಿಯದು ಅಲ್ಲಿ. ಅಣ್ಣ ಹುಟ್ಟಿದ್ದು ಅಲ್ಲಿ, ತಮ್ಮ ಇಲ್ಲಿ. ಟೀ ಅಂಗಡಿಯ ಮುದುಕರು ಈಗಲೂ, "ಸಾಯೋದಾದ್ರೆ ವರ್ಷ ನೋಡ್ಕೊಂಡು ಸಾಯೋ, ಮಕ್ಕಳು ಹೊಳೆ ದಾಟೋ ಹಾಗೆ ಮಾಡಬೇಡ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ದೊಡ್ಡವಳು ಬೆಸ ವರ್ಷದಲ್ಲಿ ಹುಟ್ಟಿದವಳು, ಇಸ್ತ್ರಿ ಅಕ್ಕ ಸರಿ ವರ್ಷದಲ್ಲಿ. ಅವರ ಹಳ್ಳಿ ಈಗ ಆಚೆ ದಡದ ಹೊಸ ತಾಲೂಕಿನಲ್ಲಿ.

ಮೊದಲು ಹಳೇ ಆಫೀಸಿಗೆ ಹೋದೆವು. ದಾಖಲೆ ಕೋಣೆಯಲ್ಲಿ ಕಿಟಕಿಗೂ ಅಡ್ಡ ಕಬ್ಬಿಣದ ರ್ಯಾಕು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ಸೀಲಿಂಗಿನವರೆಗೆ. ನುಸಿಗುಳಿಗೆಯ ವಾಸನೆಗೆ ಮೂಗು ಸುಡುತ್ತಿತ್ತು. ಗುಮಾಸ್ತ ಇಸ್ತ್ರಿ ಅಕ್ಕನ ಗಿರಾಕಿಯೇ.

"ಏನಮ್ಮ, ಇಲ್ಲಿವರೆಗೂ? ಅಂಗಿ ಸುಟ್ಟು ಹಾಕಿದ್ಯಾ?"

"ಇನ್ನೂ ಇಲ್ಲ. ನೀವು ಹೇಗೆ ನಡ್ಕೋತೀರೋ ನೋಡ್ಕೊಂಡು."

ವಿಷಯ ಕೇಳಿದ. ಪುಸ್ತಕ ತೆಗೆಸಿದ. ದೊಡ್ಡವಳ ಹುಟ್ಟು ಸಿಕ್ಕಿತು. ಆ ಕಾಲದಲ್ಲಿ ಮಗುವಿನ ಹೆಸರು ಬರೆಯುತ್ತಿರಲಿಲ್ಲ, ಬರೀ 'ಹೆಣ್ಣು'. ಅಪ್ಪನ ಹೆಸರು, ಕಸುಬು, ಅಮ್ಮನ ಹೆಸರು, ಹಳ್ಳಿ, ತಿಳಿಸಿದವರ ಹೆಬ್ಬೆಟ್ಟು. ನಕಲು ಕೊಟ್ಟವನು ಅದರ ಮೇಲೆ ಒಂದು ಮೊಹರು ಒತ್ತಿದ: 'ಸದರಿ ಹಳ್ಳಿಯು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.'

"ಪುಸ್ತಕ ನಿಮ್ಮದಲ್ವಾ?" ಅಂದೆ.

"ಪುಸ್ತಕ ನಮ್ಮದು ಸಾರ್. ಹಳ್ಳಿ ಅವರದು."

"ಮತ್ತೆ ಹುಟ್ಟಿದ ಹೆಂಗಸು?"

"ಅದಕ್ಕೆ ಮೊಹರು ಮಾಡಿಸಿಲ್ಲ" ಅಂದ. ನಿಜಕ್ಕೂ ಆ ಕೊರತೆಯ ಬಗ್ಗೆ ಯೋಚಿಸುತ್ತಿರುವವನ ಹಾಗೆ ಕಂಡ.

ಹೊಳೆ ದಾಟಿ ಹೊಸ ಆಫೀಸಿಗೆ ಹೋದೆವು. ಹೊಸದೆಂದರೆ ಬಣ್ಣ ಮಾತ್ರ. ರ್ಯಾಕು ಅದೇ, ನುಸಿಗುಳಿಗೆ ಅದೇ. ಇಲ್ಲಿಯ ಗುಮಾಸ್ತೆ ಹಳೇ ಆಫೀಸಿನವನಿಗೆ ಬೀಗಿತ್ತಿ. ಆಕೆಯ ಮಗನಿಗೆ ಅವನ ಮಗಳನ್ನು ಕೊಟ್ಟಿದೆ. ಮದುವೆಯ ದಿನ ಊಟದ ಪಂಕ್ತಿಯಲ್ಲಿ ಯಾರನ್ನೋ ಎಬ್ಬಿಸಿ ಯಾರನ್ನೋ ಕೂರಿಸಿದರೆಂದು ಬಿಗುಮಾನ ಬಂದು, ಬೀಗರಿಬ್ಬರೂ ಇವತ್ತಿಗೂ ಸರ್ಕಾರಿ ಲಕೋಟೆಯಲ್ಲಿ ಬಿಟ್ಟರೆ ಮಾತಾಡುವುದಿಲ್ಲ. ಇಸ್ತ್ರಿ ಅಕ್ಕನ ಹುಟ್ಟು ಇಲ್ಲಿಯ ಪುಸ್ತಕದಲ್ಲಿ ಸಿಕ್ಕಿತು. ಆದರೆ ಬೀಗರ ಆಫೀಸಿನ ಕಾಗದವನ್ನು ನೋಡಿದ್ದೇ ಗುಮಾಸ್ತೆ ಅದನ್ನು ಬೆರಳ ತುದಿಯಿಂದ ಆಚೆ ತಳ್ಳಿದಳು.

"ಅವರ ನಕಲಿಗೆ ನಾವು ಹೊಣೆ ಅಲ್ಲಮ್ಮ. ಇನ್ನು ನಿಮ್ಮ ವಿಷಯ. ಪುಸ್ತಕ ಇದೆ, ಹಳ್ಳಿನೂ ನಮ್ಮದೇ. ಆದ್ರೆ ನೀವು ಹುಟ್ಟಿದಾಗ ನಮ್ಮ ತಾಲೂಕೇ ಹುಟ್ಟಿರಲಿಲ್ಲ. ನಾವು ಹೇಗೆ ದೃಢೀಕರಿಸೋದು?"

"ಹಾಗಾದ್ರೆ ನಿನ್ನ ತಾಲೂಕಿಗೆ ನಾನು ಅಕ್ಕ ಆದೆ" ಅಂದಳು ಇಸ್ತ್ರಿ ಅಕ್ಕ. "ಹಿರಿಯಳು ಕೇಳ್ತಿದೀನಿ, ಕೊಡು."

ಕೊಟ್ಟಳು. ಅದರ ಮೇಲೂ ಒಂದು ಮೊಹರು, ಇನ್ನೂ ಉದ್ದದ್ದು.

ಎರಡೂ ಸೇರಿಸಿ ದೃಢೀಕರಿಸುವವರು ಯಾರು ಎಂದು ಹುಡುಕುತ್ತ ಜಿಲ್ಲಾ ಕಚೇರಿಗೆ ಅಲೆದೆವು. ಅಲ್ಲಿಯ ಮ್ಯಾನೇಜರು ಎರಡೂ ಕಾಗದಗಳನ್ನು ತಿರುಗಿಸಿ ನೋಡಿ, "ಮೂಲ ಪುಸ್ತಕ ನೋಡದೆ ಸಾಹೇಬ್ರು ಸಹಿ ಹಾಕಲ್ಲ" ಅಂದ. ಮೂಲ ಪುಸ್ತಕ ಆಫೀಸು ಬಿಟ್ಟು ಹೊರಗೆ ಬರುವಂತಿಲ್ಲ ಅಂದ. ಹಾಗಾದರೆ ಸಾಹೇಬರು ಹೋಗಿ ನೋಡಲಿ ಅಂದರೆ, ಯಾವ ಆಫೀಸಿಗೆ ಮೊದಲು ಹೋದರೂ ಇನ್ನೊಂದು ಆಫೀಸಿನವರು ಬೇಜಾರು ಮಾಡಿಕೊಳ್ಳುತ್ತಾರೆ ಅಂದ. ನಾನು ನನ್ನ ಜೀವನದಲ್ಲಿ ಪೊಲೀಸರ ಹತ್ತಿರ, ದಲ್ಲಾಳಿಗಳ ಹತ್ತಿರ, ಮಂತ್ರಿಗಳ ಬಾಲಂಗೋಚಿಗಳ ಹತ್ತಿರ ಮಾತಾಡಿದ್ದೇನೆ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆಂದು ಅನ್ನಿಸಿದ್ದು ಆ ಮನುಷ್ಯನ ಎದುರು. ಅವನು ಒರಟಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಕುಡಿಯಲು ನೀರು ತರಿಸಿಕೊಟ್ಟ.

ವರ್ಷಕ್ಕೊಮ್ಮೆ ತಪಾಸಣೆಗೆಂದು ಎರಡೂ ತಾಲೂಕಿನ ಪುಸ್ತಕಗಳು ಜಿಲ್ಲಾ ಕಚೇರಿಯ ಸಭಾಂಗಣಕ್ಕೆ ಬರುತ್ತವೆಂದು ಹೇಳಿದವನೂ ಅವನೇ. ಪುಣ್ಯಕ್ಕೆ ತಪಾಸಣೆ ಅದೇ ತಿಂಗಳಿತ್ತು. ಆಶ್ರಯಧಾಮದ ವ್ಯಾನು ಹೊರಡುವುದೂ ಅದೇ ತಿಂಗಳ ಕೊನೆಗೆ.

ತಪಾಸಣೆಯ ದಿನ ಸಭಾಂಗಣದಲ್ಲಿ ಬೀಗರಿಬ್ಬರೂ ತಮ್ಮ ತಮ್ಮ ಗಂಟುಗಳನ್ನು ಮುಂದಿಟ್ಟುಕೊಂಡು ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರು. ಇಸ್ತ್ರಿ ಅಕ್ಕ ಇಬ್ಬರ ನಡುವೆ ಹೋಗಿ ನಿಂತಳು.

"ನೋಡ್ರಪ್ಪ, ಬೀಗರ ಜಗಳ ಬೀಗರ ಮನೇಲಿರ್ಲಿ. ಇವತ್ತು ಒಂದು ಗಳಿಗೆ ಎರಡು ಪುಸ್ತಕ ಒಂದೇ ಮೇಜಿನ ಮೇಲೆ ಇಡಿ. ನಾಳೆಯಿಂದ ಬೇಕಾದ್ರೆ ಕೂದಲು ಹಿಡ್ಕೊಂಡು ಹೊಡೆದಾಡಿ, ನಾನೇ ಬಂದು ಬಿಡಿಸ್ತೀನಿ."

ಇಟ್ಟರು. ಸಹಿ ಹಾಕಬೇಕಾದ ಸಾಹೇಬ, ಕನ್ನಡಕದ ಎಳೆಯ ಅಧಿಕಾರಿ, ಬಂದು ಬಗ್ಗಿ ನೋಡಿದ. ಅಪ್ಪನ ಹೆಸರು ಒಂದೇ, ಅಮ್ಮನ ಹೆಸರು ಒಂದೇ, ಹಳ್ಳಿ ಒಂದೇ. ನಾನು ಉಸಿರು ಬಿಟ್ಟೆ.

"ಇವರು ಬೇರೆ ಬೇರೆ" ಅಂದ ಅಧಿಕಾರಿ.

ದೊಡ್ಡವಳ ಪುಸ್ತಕದಲ್ಲಿ ಅಪ್ಪನ ಕಸುಬು 'ಬಾವಿ ತೋಡುವುದು'. ಈಕೆಯದರಲ್ಲಿ 'ಕಲ್ಲು ಒಡೆಯುವುದು'.

"ಸ್ವಾಮಿ, ನಡುವೆ ಕಾಲುವೆ ಬಂತು" ಅಂದೆ. "ಕಾಲುವೆ ಬಂದ ಮೇಲೆ ಯಾರು ಬಾವಿ ತೋಡಿಸ್ತಾರೆ? ಆಚೆ ದಡದ ಬಾವಿಯವರೆಲ್ಲ ಕಲ್ಲುಕ್ವಾರಿಗೆ ಹೋದ್ರು. ಅದು ಈ ತಾಲೂಕಿನ ಚರಿತ್ರೆ."

"ಚರಿತ್ರೆ ಇರಬಹುದು. ಪುಸ್ತಕದಲ್ಲಿ ಕಾಲುವೆ ಇಲ್ಲವಲ್ಲ."

ಇಸ್ತ್ರಿ ಅಕ್ಕ ಬೆರಳಿಟ್ಟು ತೋರಿಸಿದಳು. ಎರಡೂ ಹುಟ್ಟನ್ನು ಬರೆಸಿದ್ದು ಅಜ್ಜಿ. ಹೆಬ್ಬೆಟ್ಟು ಎರಡರಲ್ಲೂ ಒಂದೇ ಥರ, ಕುಡುಗೋಲು ಕಚ್ಚಿದ ಗೀರು ಓರೆಯಾಗಿ ಅಡ್ಡ ಹೋಗಿದೆ. ಕುರುಡನಿಗೂ ಕಾಣುವಂಥದ್ದು. ಅಧಿಕಾರಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಕಾಣುತ್ತೆ ಅಮ್ಮ. ಆದ್ರೆ ನಾನು ಹೆಬ್ಬೆಟ್ಟಿನ ತಜ್ಞ ಅಲ್ಲ. ತಜ್ಞರಿಗೆ ಬರೆದು ಕೇಳಬಹುದು. ಉತ್ತರ ಬರೋಕೆ ಸಮಯ ಆಗುತ್ತೆ" ಅಂದ. ಎಷ್ಟು ಸಮಯ ಎಂದು ಕೇಳಿದರೆ ಬೀಗರ ಕಡೆ ನೋಡಿದ. "ವರ್ಷದ ಮೇಲೇ ಆಗುತ್ತೆ" ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಮಕ್ಕಳ ಮದುವೆಯಾದಾಗಿನಿಂದ ಅವರು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ನಾವು ಸೀದಾ ಆಶ್ರಯಧಾಮಕ್ಕೆ ಹೋದೆವು. ನಾನು ದಾರಿಯುದ್ದಕ್ಕೂ ಬಯ್ಯುತ್ತಿದ್ದೆ. ಆಕೆ ನಕಲುಗಳನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು ಮುಂದೆ ಮುಂದೆ ನಡೆದಳು.

ಮೇಲ್ವಿಚಾರಕಿ ಎಲ್ಲ ಕೇಳಿ, ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತಳು. "ಒಂದು ದಾರಿ ಇದೆ. ಸಂಬಂಧಿಕರಿಗೆ ಒಪ್ಪಿಸೋದಾದ್ರೆ ನೂರೆಂಟು ರುಜುವಾತು. ಸಂಬಂಧ ಇಲ್ಲದೋರ ಮನೆಗೆ ಕೆಲಸಕ್ಕೆ ಕಳಿಸೋದಾದ್ರೆ ಒಂದೇ ಅರ್ಜಿ. ಪುನರ್ವಸತಿ ಅಂತ. ನೀವು ಪರರು ಅಂತ ಸಹಿ ಮಾಡಿ, ನಾಳೆನೇ ಕರ್ಕೊಂಡು ಹೋಗಿ."

ನಾನು ಕುರ್ಚಿ ಹಿಂದೆ ತಳ್ಳಿ ಎದ್ದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಕೊಡದ್ದನ್ನು ಬೀದಿಯಲ್ಲಿ ಹೋಗುವವರಿಗೆ ಕೊಡುತ್ತೀರಾ, ಇದನ್ನು ಬಿಡುವುದಿಲ್ಲ, ನಾಳೆಯೇ ಕಚೇರಿ ಮುಂದೆ ಕೂರುತ್ತೇವೆ ಎಂದು ಶುರು ಮಾಡಿದೆ.

"ನಾಯಕರೇ, ಕೂತ್ಕೊಳ್ಳಿ" ಅಂದಳು ಇಸ್ತ್ರಿ ಅಕ್ಕ. "ನೀವು ಗೆದ್ದೇ ಗೆಲ್ತೀರಿ, ಗೊತ್ತು. ಅಷ್ಟೊತ್ತಿಗೆ ನಾವಿಬ್ಬರೂ ಮಣ್ಣಾಗಿರ್ತೀವಿ. ನಮ್ಮ ಗೋರಿಗೆ ಬಂದು ಆದೇಶ ಓದ್ತೀರಾ?" ಮೇಲ್ವಿಚಾರಕಿಯ ಕಡೆ ಕೈ ಚಾಚಿದಳು. "ಕೊಡಮ್ಮ, ಎಲ್ಲಿ ಸಹಿ?"

'ಸದರಿ ಹೆಂಗಸಿಗೂ ನನಗೂ ಯಾವುದೇ ರಕ್ತಸಂಬಂಧ ಇರುವುದಿಲ್ಲ.' ಅದರ ಕೆಳಗೆ ಆಕೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಹಾಕಿ ಮುಗಿಸಿ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು.

ಮರುದಿನ ವ್ಯಾನು ಕೂಡ ಬಂದು ನಿಂತಿತ್ತು, ಉಳಿದವರನ್ನು ಒಯ್ಯಲು. ಧಾಮದ ಉಗ್ರಾಣದಲ್ಲಿ ದೊಡ್ಡವಳು ಹಾಸಿಗೆಯ ಬಟ್ಟೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದಳು. ಉಗ್ರಾಣದ ಬೀಗದ ಕೈ ಆಕೆಯ ಸೊಂಟದಲ್ಲೇ ಇರುತ್ತಿತ್ತು. ಬಟ್ಟೆ ಕೇಳಲು ಬಂದವರು ಮೇಲ್ವಿಚಾರಕಿಯಾದರೂ ನಿಂತೇ ಕೇಳಬೇಕು. ದೊಡ್ಡವಳಿಗೆ ಓದು ಬಾರದು. ಕಾಗದವನ್ನು ಓದಿ ಹೇಳಿ ಎಂದಳು. ಮೇಲ್ವಿಚಾರಕಿ ಓದಿದಳು. ದೊಡ್ಡವಳು ಸ್ಟೂಲಿನ ಮೇಲೆ ಕೂತುಬಿಟ್ಟಳು.

"ನಾನು ಬರಲ್ಲ."

"ಯಾಕೆ?" ಅಂದಳು ಇಸ್ತ್ರಿ ಅಕ್ಕ.

"ಸಂಬಂಧ ಇಲ್ಲದೋರ ಮನೆಗೆ ನಾನ್ಯಾಕೆ ಬರ್ಲಿ?"

"ಅದು ಕಾಗದಕ್ಕೆ ಕಣೇ."

"ಕಾಗದಕ್ಕೆ ಸುಳ್ಳು ಹೇಳೋಳು ನಾಳೆ ನಂಗೂ ಹೇಳ್ತೀಯ. ನಾನು ಮಗಳಲ್ಲ ಅಂತ ಅಪ್ಪ ಬಾಯಲ್ಲಿ ಹೇಳ್ಲಿಲ್ಲ, ಅಷ್ಟೇ. ನೀನು ಬರೆದೇ ಕೊಟ್ಟೆ."

ನಾನು ಹೊರಗೆ ಹೋಗಬೇಕೆಂದುಕೊಂಡೆ. ಹೊಸ್ತಿಲಲ್ಲೇ ನಿಂತೆ.

ಇಸ್ತ್ರಿ ಅಕ್ಕನಿಗೆ ರೇಗಿತು. "ಅಪ್ಪನ ಜೊತೆ ನನ್ನ ಹೋಲಿಸಬೇಡ. ಆಫೀಸು ಆಫೀಸು ಅಲೆದು ನನ್ನ ಚಪ್ಪಲಿ ಸವೀತು. ಅಜ್ಜಿ ಹೆಬ್ಬೆಟ್ಟು ಹುಡುಕಿ ತೋರಿಸಿದೆ. ಬೀಗರಿಗೆ ರಾಜಿ ಮಾಡಿಸಿದೆ. ಈ ಮನುಷ್ಯನ ಭಾಷಣ ಕೇಳಿದೆ, ಅದು ಬೇರೆ. ನಿಂಗೆ ಬರೋಕೆ ಇಷ್ಟ ಇಲ್ಲದಿದ್ರೆ ಹೇಳು, ಆ ವ್ಯಾನು ಹತ್ತು. ಎರಡು ದಿನದ ದಾರಿ. ತಿಂಗಳು ತಿಂಗಳು ಬಿಸ್ಕತ್ತು ತರೋಕೆ ನನ್ನಿಂದಾಗಲ್ಲ, ಈಗಲೇ ಹೇಳ್ತೀನಿ."

ದೊಡ್ಡವಳು ಕಿಟಕಿಯಿಂದ ವ್ಯಾನು ನೋಡಿದಳು. ಆಮೇಲೆ, "ಕೆಲಸದೋಳು ಅಂತ ಬರೆದಿದೆ. ಸಂಬಳ ಎಷ್ಟು?" ಅಂದಳು.

"ಊಟ, ಬಟ್ಟೆ, ನನ್ನ ಬೈಗುಳ."

"ಬೈಗುಳ ಇಲ್ಲೂ ತರ್ತಿದ್ದೆ, ಬಿಸ್ಕತ್ತಿನ ಜೊತೆ." ಸೊಂಟದಿಂದ ಬೀಗದ ಕೈ ಬಿಚ್ಚಿ ಮೇಲ್ವಿಚಾರಕಿಗೆ ಕೊಟ್ಟು, ಮತ್ತೆ ವಾಪಸ್ಸು ಇಸಿದುಕೊಂಡು, ಉಗ್ರಾಣಕ್ಕೆ ತಾನೇ ಬೀಗ ಹಾಕಿ, ಎಳೆದು ನೋಡಿ, ಆಮೇಲೆ ಕೊಟ್ಟಳು. "ನಡಿ. ಆ ಡಬ್ಬಾ ವ್ಯಾನಿಗಿಂತ ನೀನು ವಾಸಿ."

ಕಥೆ ಇಲ್ಲಿಗೆ ಮುಗಿದು ಅಕ್ಕತಂಗಿ ಸುಖವಾಗಿದ್ದರು ಎಂದು ಬರೆಯಬಹುದಿತ್ತು, ಆ ಇಬ್ಬರ ಪಕ್ಕದ ಮನೆಯಲ್ಲಿ ನಾನು ವಾಸವಿಲ್ಲದಿದ್ದರೆ. ಬೆಳಗಾದರೆ ಜಗಳ. ತಂಗಿ ಮಡಚಿದ್ದನ್ನು ಅಕ್ಕ ಬಿಚ್ಚಿ ಮತ್ತೆ ಮಡಚುತ್ತಾಳೆ. ಗಿರಾಕಿಗಳ ಎದುರೇ, "ಇದು ಕಾಲರಾ, ನಾಯಿ ಕಿವಿಯಾ?" ಎಂದು ಕೇಳುತ್ತಾಳೆ. ಸಂಜೆಯಾದರೆ ಮನೆಯಲ್ಲಿರುವ ಹೊದಿಕೆಗಳನ್ನೆಲ್ಲ ಎಣಿಸದೆ ಮಲಗುವುದಿಲ್ಲ, ಇರುವುದೇ ಎರಡು.

ಕೆಲಸಕ್ಕೆ ಕಳಿಸಿದವರನ್ನು ಯಜಮಾನರು ಸರಿಯಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಎಂದು ಸರ್ಕಾರ ತಪಾಸಣೆ ಮಾಡುತ್ತದೆ. ಹೆತ್ತವರ ಮನೆಗೆ ಯಾವತ್ತೂ ಬಾರದ ಸರ್ಕಾರ ಪರರ ಮನೆಗೆ ತಪ್ಪದೆ ಬರುತ್ತದೆ. ಮೊದಲ ತಿಂಗಳು ಬಂದ ಹುಡುಗಿ ಮೆಟ್ಟಿಲ ಮೇಲೆ ಕೂತು ದೊಡ್ಡವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಕೆಳಗೆ ತಂಗಿ ಬಿಳಿ ಅಂಗಿಯೊಂದನ್ನು ಹರಡಿಕೊಂಡು ಕೇಳಿಸದವಳ ಹಾಗೆ ನಿಂತಿದ್ದಳು.

"ಇವರು ಹೊಡೀತಾರಾ ಅಜ್ಜಿ?"

"ಹೊಡೆಯೋಕೆ ಧೈರ್ಯ ಬೇಕು."

"ಬೈತಾರಾ?"

"ಬೈತಾಳೆ."

ಹುಡುಗಿ ಬರೆದುಕೊಂಡಳು. "ಯಾವಾಗಿಂದ?"

"ಮಾತು ಬಂದಾಗಿಂದ. ಮೊದಲು ಬೈದಿದ್ದು ನನ್ನನ್ನೇ. ಸೊಂಟದ ಮೇಲೆ ಹೊತ್ಕೊಂಡು ತಿರುಗ್ತಿದ್ದೆ, ಇಳಿಸಿದ್ದಕ್ಕೆ ಬೈದ್ಲು."

ಹುಡುಗಿಯ ಪೆನ್ನು ನಿಂತಿತು. ದೊಡ್ಡವಳ ಮೂಗು ನೋಡಿದಳು, ಕೆಳಗೆ ಬಗ್ಗಿ ಇನ್ನೊಂದು ಮೂಗು ನೋಡಿದಳು. "ನೀವಿಬ್ಬರೂ..."

"ಏನೂ ಸಂಬಂಧ ಇಲ್ಲಮ್ಮ" ಅಂದಳು ಇಸ್ತ್ರಿ ಅಕ್ಕ ತಲೆ ಎತ್ತದೆ. "ಸಹಿ ಮಾಡಿ ಕೊಟ್ಟಿದ್ದೀನಿ."

ಹುಡುಗಿ ಇಬ್ಬರನ್ನೂ ಒಂದು ಸಲ ನೋಡಿ, ಫೈಲು ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಏನು ಬರೆದಳೆಂದು ನನಗೆ ಗೊತ್ತಿಲ್ಲ. ಮುಂದಿನ ತಿಂಗಳು ಬರುತ್ತೇನೆಂದು ಹೇಳಿ ಹೋದಳು. ತಂಗಿ ಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು, ಅವಳು ಬೀದಿಯ ತಿರುವು ದಾಟುವುದನ್ನೇ ನೋಡಿದಳು.

"ಬಾಯಿ ಮುಚ್ಕೊಂಡಿರೋಕೆ ಏನು ರೋಗ ನಿಂಗೆ?" ಅಂದಳು ತಂಗಿ.

"ಅವಳು ಕೇಳಿದ್ಲು, ಹೇಳ್ದೆ. ನಿನ್ನ ಥರ ಸುಳ್ಳು ಬರೆಯೋಕೆ ನಂಗೆ ಓದು ಬರಲ್ಲ. ಆ ಅಂಗಿ ಸುಡ್ತಿದೆ ನೋಡು."